ಸೋಮವಾರಕ್ಕೇ ಬಂದ ಭಾನುವಾರ

ಮೂವತ್ತೊಂದು ವರ್ಷ ರಾಜಾಜಿನಗರದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತನಾಗಿದ್ದು, ಒಂದೇ ಒಂದು ನಟ್ಟು ಕೂಡ ಕಾಣೆಯಾಗದಂತೆ ಕಾಪಾಡಿದ ನಾನು, ನಲವತ್ತು ಊಟದ ಕ್ಯಾರಿಯರ್‌ಗಳನ್ನು ಒಂದು ದಿನ, ಕೇವಲ ಒಂದೇ ಒಂದು ದಿನ, ನಿಭಾಯಿಸಲಾರೆನೇ?

ಕಳೆದ ಕಾರ್ತಿಕ ಮಾಸದಲ್ಲಿ ನಾನು ನನ್ನ ಹೆಂಡತಿ ರತ್ನಳಿಗೆ ಕೇಳಿದ ಪ್ರಶ್ನೆ ಇದು. ಅವಳು ಉತ್ತರ ಕೊಡದೆ ಹುಣಸೆಹಣ್ಣು ಕಿವುಚುತ್ತಾ ಕೂತಿದ್ದಳು. ಆ ಮೌನವನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ. ಅದು ಅನುಮಾನ ಎಂಬುದು ತಿಳಿಯುವಷ್ಟರಲ್ಲಿ ನಮ್ಮ ಮನೆಯ ಮುಂದೆ ಆರು ಕೆಜಿ ಮಟನ್ ಬಂದು ನಿಂತಿತ್ತು!

ಮೊದಲಿನಿಂದ ಹೇಳುತ್ತೇನೆ. ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ. ನೆಲಮಹಡಿಯಲ್ಲಿ ರತ್ನಳ ಅಡುಗೆಮನೆ. ಹನ್ನೊಂದು ವರ್ಷದಿಂದ ಅವಳು ಸುತ್ತಮುತ್ತಲಿನ ನಲವತ್ತು ಜನಕ್ಕೆ ಮಧ್ಯಾಹ್ನದ ಕ್ಯಾರಿಯರ್ ಊಟ ಕಳಿಸುತ್ತಾಳೆ. ಬ್ಯಾಂಕಿನವರು, ಬಟ್ಟೆ ಅಂಗಡಿಯವರು, ಅಡುಗೆ ಮಾಡಲು ಬೇಸರವಾದ ಗಂಡ ಹೆಂಡಿರು, ಎಲ್ಲ ಬಗೆಯವರೂ ಇದ್ದಾರೆ. ಅಡುಗೆ ಮನೆಯಲ್ಲಿ ಆಗುತ್ತದೆ, ಕ್ಯಾರಿಯರ್‌ಗಳು ನನ್ನ ಸ್ಕೂಟರಿನಲ್ಲಿ ಹೋಗುತ್ತವೆ. ಈ ಸಂಸ್ಥೆಯಲ್ಲಿ ನನ್ನ ಹುದ್ದೆ ಅದು.

ನಾವು ಮಾಂಸ ತಿನ್ನುವವರು. ಆದರೆ ಸೋಮವಾರ ನಮ್ಮ ಹೊಸ್ತಿಲೊಳಕ್ಕೆ ಮೊಟ್ಟೆಯೂ ಬರುವಂತಿಲ್ಲ. ಅದು ಶಿವನ ವಾರ. ಗುರುವಾರ, ಶುಕ್ರವಾರ, ಶನಿವಾರಗಳಿಗೂ ಆಯಾ ದೇವರ ಹೆಸರಿನಲ್ಲಿ ಮಾಂಸದಿಂದ ವಿನಾಯಿತಿ ಇದೆ. ಮಾಂಸವನ್ನೇ ಮುಟ್ಟದ ಹನ್ನೆರಡು ಗಿರಾಕಿಗಳಿಗೆ ಪಾತ್ರೆಯೂ ಬೇರೆ, ಸೌಟೂ ಬೇರೆ. ಇದನ್ನೆಲ್ಲ ರತ್ನ ತಲೆಯಲ್ಲೇ ಇಟ್ಟುಕೊಂಡು, ಪ್ರತಿದಿನ ಸಂಜೆ ಸೀರಿಯಲ್ ಮುಗಿದ ಮೇಲೆ ಮರುದಿನದ ಚೀಟಿ ಬರೆಯುತ್ತಾಳೆ. ತರಕಾರಿ ಮಂಜನಿಗೆ ಒಂದು, ಮಾಂಸದಂಗಡಿ ಸಲೀಂ ಭಾಯಿಗೆ ಒಂದು, ಅಡುಗೆಗೆ ನೆರವಾಗುವ ಗೌರಮ್ಮನಿಗೆ ಒಂದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಒಬ್ಬರ ಅನ್ನದಲ್ಲಿ ಇನ್ನೊಬ್ಬರ ಸಾರು ಬಿದ್ದಿಲ್ಲ. ಆ ನಂಬಿಕೆಯ ಮೇಲೇ ನಮ್ಮ ಒಲೆ ಉರಿಯುವುದು.

ಇಂಥವಳಿಗೆ ಇದ್ದದ್ದು ಒಂದೇ ಆಸೆ. ಕಡೇ ಕಾರ್ತಿಕ ಸೋಮವಾರ ಶಿವಗಂಗೆ ಬೆಟ್ಟ ಹತ್ತಬೇಕು, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಮುಟ್ಟಬೇಕು. ಬಂಡೆಯ ಸಂದಿನಲ್ಲಿ ಕೈ ಇಳಿಬಿಟ್ಟಾಗ ನೀರು ತಾಗಿದರೆ ಪುಣ್ಯವಂತರು ಎಂದು ನಂಬಿಕೆ. ಪಕ್ಕದ ಮನೆ ಜಯಮ್ಮ ಪ್ರತಿ ವರ್ಷ ಬೀದಿಯ ಹೆಂಗಸರನ್ನು ಸೇರಿಸಿ ವ್ಯಾನು ಮಾಡಿಸುತ್ತಾರೆ. ರತ್ನ ಪ್ರತಿ ವರ್ಷ ಗೇಟಿನ ಬಳಿ ನಿಂತು ಅವರಿಗೆ ಕೈಬೀಸಿ, ಒಳಗೆ ಬಂದು ಮುದ್ದೆ ತಿರುವುತ್ತಾಳೆ.

ಈ ಅನ್ಯಾಯವನ್ನು ಸರಿಪಡಿಸಲು ನಾನು ನಿರ್ಧರಿಸಿದ್ದು ಕಂಪ್ಯೂಟರಿನ ಮೂಲಕ.

ನಿವೃತ್ತಿಯಾದ ಮೇಲೆ ಮೆದುಳಿಗೆ ತುಕ್ಕು ಹಿಡಿಯಬಾರದೆಂದು ವಿಜಯನಗರದಲ್ಲಿ ಬೇಕರಿಯೊಂದರ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಪ್ರೋಗ್ರಾಂ ಬರೆಯಲು ಕಲಿಸುವ ಮೇಘಾ ಮೇಡಂಗೆ ಇಪ್ಪತ್ತನಾಲ್ಕು ವರ್ಷ. ಅವರಿಗೆ ನಾನು ಅಂಕಲ್, ನನಗೆ ಅವರು ಮೇಡಂ. ಮೂರನೇ ವಾರ ಅವರು ಸ್ವಿಚ್ ಎಂಬ ಪಾಠ ಮಾಡಿದರು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು. ಇಷ್ಟು ಶಿಸ್ತಿನ ವಸ್ತು ಜಗತ್ತಿನಲ್ಲಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ! ಕಂಪ್ಯೂಟರಿಗೆ ಒಂದು ಅಂಕಿ ಕೊಡುವುದು. ಒಂದು ಒತ್ತಿದರೆ ಒಂದನೇ ಕೇಸು, ಎರಡು ಒತ್ತಿದರೆ ಎರಡನೇ ಕೇಸು. ಆಯಾ ಕೇಸಿನ ಕೆಳಗೆ ಏನು ಬರೆದಿದ್ದೇವೋ ಅದನ್ನು ಅದು ಮಾಡುತ್ತದೆ. ಒಂದು ಎಂದರೆ ಸೋಮವಾರ, ಏಳು ಎಂದರೆ ಭಾನುವಾರ ಎಂದು ಇಟ್ಟುಕೊಂಡರೆ, ರತ್ನಳ ಹನ್ನೊಂದು ವರ್ಷದ ವಿದ್ಯೆ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

ಕ್ಲಾಸಿಗೆಂದು ಮನೆಗೆ ತಂದಿದ್ದ ಹಳೆಯ ಕಂಪ್ಯೂಟರು, ಪ್ರಿಂಟರಿನ ಮುಂದೆ ಎರಡು ದಿನ ಕೂತು ಬರೆದೆ. ಕನ್ನಡ ಅಕ್ಷರ ಬರುವಂತೆ ಮೇಡಂ ಮಾಡಿಕೊಟ್ಟರು. ಒಂದನೇ ಕೇಸಿಗೆ ಸೋಮವಾರದ ಹೆಸರುಕಾಳು ಸೊಪ್ಪಿನ ಸಾರು. ಎರಡಕ್ಕೆ ಮಂಗಳವಾರದ ಕೋಳಿ ಸಾರು. ಬುಧವಾರಕ್ಕೆ ಮೊಟ್ಟೆ, ಗುರುವಾರಕ್ಕೆ ಬಸ್ಸಾರು, ಶುಕ್ರವಾರಕ್ಕೆ ಶಾವಿಗೆ ಪಾಯಸ, ಶನಿವಾರಕ್ಕೆ ಮಜ್ಜಿಗೆ ಹುಳಿ, ಭಾನುವಾರಕ್ಕೆ ಮಟನ್. ಪ್ರತಿಯೊಂದರ ಕೆಳಗೆ ಬೇಕಾದ ಸಾಮಾನು, ತೂಕ, ಎಲ್ಲ ಸವಿವರ. ಈ ಏಳರಲ್ಲಿ ಇಲ್ಲದ ಅಂಕಿಯನ್ನು ಯಾರಾದರೂ ಒತ್ತಿದರೆ 'ಇಂಥ ವಾರವಿಲ್ಲ, ಮತ್ತೊಮ್ಮೆ ಯೋಚಿಸಿ' ಎಂಬ ಎಚ್ಚರಿಕೆಯನ್ನೂ ಸೇರಿಸಿದೆ. ಎಂಟು ಒತ್ತುವ ಮೂರ್ಖನಿಗೆ ವ್ಯವಸ್ಥೆ ಮಾಡಿದ್ದೆ. ಒಂದು ಒತ್ತುವ ಮೂರ್ಖನಿಗೆ ಮಾಡಿರಲಿಲ್ಲ!

ಈಗ ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಮೇಡಂ ಹೇಳಿಕೊಟ್ಟ ಮಾದರಿಯಲ್ಲಿ ಪ್ರತಿ ಕೇಸಿನ ಕೊನೆಗೂ ಬ್ರೇಕ್ ಎಂಬ ಒಂದು ಪದ ಇತ್ತು. 'ಇಲ್ಲಿಗೆ ನಿಲ್ಲಿಸು' ಎಂದು ಅದರ ಅರ್ಥ. ಸೋಮವಾರದ ಕೊನೆಗೆ ನಿಲ್ಲಿಸು, ಮಂಗಳವಾರದ ಕೊನೆಗೆ ನಿಲ್ಲಿಸು, ಹೀಗೆ ಏಳು ಸಲ ಅದೇ ಪದ. ಸ್ಟೋರ್ಸ್‌ನಲ್ಲಿ ಪೆನ್ಸಿಲ್ಲನ್ನು ಬೆರಳಿಗೆ ಸಿಗದಷ್ಟು ಸಣ್ಣದಾಗುವವರೆಗೆ ಬಳಸಿದ ನನ್ನ ಜೀವಕ್ಕೆ ಇದು ಶುದ್ಧ ದುಂದುವೆಚ್ಚವಾಗಿ ಕಂಡಿತು. ಕೆಳಗೆ ಮಂಗಳವಾರ ಎಂದು ಬರೆದಿರುವಾಗ ಸೋಮವಾರ ಮುಗಿಯಿತು ಎಂದು ಬೇರೆ ಹೇಳಬೇಕೇ? ಬುದ್ಧಿಯಿದ್ದವನಿಗೆ ಅಷ್ಟು ಅರ್ಥವಾಗುವುದಿಲ್ಲವೇ? ಆರನ್ನು ಹೊಡೆದುಹಾಕಿದೆ. ಕಚೇರಿಯ ಪತ್ರದಲ್ಲಿ ಎಲ್ಲರ ಪರವಾಗಿ ಕೊನೆಗೆ ಒಂದೇ ಸಹಿ ಇರುವ ಹಾಗೆ, ಭಾನುವಾರದ ಕೊನೆಗೆ ಮಾತ್ರ ಒಂದನ್ನು ಉಳಿಸಿದೆ. ಕಂಪ್ಯೂಟರ್ ತಕರಾರು ಮಾಡಲಿಲ್ಲ. ಅದು ನನ್ನ ಮಿತವ್ಯಯವನ್ನು ಮೆಚ್ಚಿಕೊಂಡಿತೆಂದೇ ತಿಳಿದೆ.

ಮರುದಿನ ಭಾನುವಾರ. ಪರೀಕ್ಷೆ ಮಾಡಲು ರತ್ನಳನ್ನು ಕರೆದೆ.

"ನೋಡೇ, ಇವತ್ತು ಭಾನುವಾರ. ಏಳು ಒತ್ತಿದೆ."

ಪ್ರಿಂಟರ್ ಗುರುಗುಟ್ಟಿ ಒಂದು ಹಾಳೆ ಕೊಟ್ಟಿತು. ಭಾನುವಾರ, ಮಟನ್ ಸಾರು, ಮುದ್ದೆ, ಮಾಂಸ ತಿನ್ನದವರಿಗೆ ಹುರುಳಿಕಾಳು. ಸಾಮಾನು, ತೂಕ, ಒಂದಕ್ಷರ ತಪ್ಪಿಲ್ಲ. ರತ್ನ ಹಾಳೆಯನ್ನು ಎರಡು ಸಲ ಓದಿದಳು. ಹಿಂದೆ ತಿರುಗಿಸಿಯೂ ನೋಡಿದಳು.

"ಸರಿಯಾಗೇ ಇದೆಯಲ್ರೀ!"

"ಮತ್ತೇನಂದ್ಕೊಂಡೆ?"

"ಸೋಮವಾರದ್ದೂ ಒಂದ್ಸಲ ಒತ್ತಿ ನೋಡಿ."

"ಇವತ್ತು ಭಾನುವಾರ ಕಣೇ. ಭಾನುವಾರ ಸೋಮವಾರದ್ದು ಯಾಕೆ ಒತ್ತೋದು? ಆಯಾ ದಿನದ ಕೆಲಸ ಆಯಾ ದಿನ ಆಗ್ಬೇಕು. ಅದು ರೂಲ್ಸು."

ಇಂಥ ರೂಲ್ಸು ಎಲ್ಲಿಯೂ ಇಲ್ಲ. ಅದನ್ನು ನಾನು ಆ ಕ್ಷಣದಲ್ಲಿ ಜಾರಿಗೆ ತಂದೆ. ಏಳು ಕೇಸುಗಳಲ್ಲಿ ತಪ್ಪಿಲ್ಲದೆ ಓಡಬಲ್ಲದ್ದು ಕೊನೆಯದು ಮಾತ್ರ, ನಾನು ಓಡಿಸಿ ತೋರಿಸಿದ್ದೂ ಅದೊಂದನ್ನೇ. ಅದನ್ನು ನಂಬಿ ರತ್ನ ಜಯಮ್ಮನ ಮನೆಗೆ ಹೋಗಿ, "ನಾಳೆ ನಾನೂ ಬರ್ತೀನಿ" ಎಂದು ಹೇಳಿ ಬಂದಳು. ಬಂದವಳ ಮುಖ ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಹನ್ನೊಂದು ವರ್ಷದಲ್ಲಿ ನಾನು ಅವಳಿಗೆ ಕೊಟ್ಟ ಮೊದಲ ರಜೆ ಅದು. ಆ ಸಂಜೆ ಅವಳು ಚೀಟಿ ಬರೆಯಲಿಲ್ಲ. ಸೀರೆಗೆ ಇಸ್ತ್ರಿ ಮಾಡಿಕೊಂಡಳು.

ಸೋಮವಾರ ನಸುಕಿನಲ್ಲಿ ವ್ಯಾನು ಹೊರಟಿತು. ಹತ್ತುವ ಮುಂಚೆ ಅವಳು ಕೇಳಿದಳು.

"ಒಂದು ಒತ್ತೋದು ತಾನೇ?"

"ಒಂದೇ ಕಣೇ. ನೀನು ಶಿವನ ಬಗ್ಗೆ ಯೋಚನೆ ಮಾಡು. ಸಾರಿನ ಬಗ್ಗೆ ಕಂಪ್ಯೂಟರ್ ಯೋಚನೆ ಮಾಡುತ್ತೆ."

ಆರು ಗಂಟೆಗೆ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಒಂದು ಒತ್ತಿದೆ. ಪ್ರಿಂಟರ್ ಶುರುವಾಯಿತು. ಒಂದು ಹಾಳೆ ಬಂತು. ಇನ್ನೊಂದು ಬಂತು. ಮತ್ತೊಂದು ಬಂತು. ನಾನು ಕೈಕಟ್ಟಿಕೊಂಡು ನಿಂತು ನೋಡಿದೆ. ಕಡೇ ಕಾರ್ತಿಕ ಸೋಮವಾರವೆಂದು ಯಂತ್ರವೂ ಸ್ವಲ್ಪ ಹೆಚ್ಚು ಶ್ರದ್ಧೆಯಿಂದ ದುಡಿಯುತ್ತಿದೆ ಎನ್ನಿಸಿತು.

ಹಾಳೆಗಳನ್ನು ಓದಿದೆನೇ ಎಂದು ನೀವು ಕೇಳುತ್ತೀರಿ. ಮೊದಲ ಹಾಳೆಯ ತಲೆಯಲ್ಲಿ 'ಸೋಮವಾರ' ಎಂದಿತ್ತು, ಅಷ್ಟನ್ನು ಓದಿದೆ. ಮೂವತ್ತೊಂದು ವರ್ಷ ಸಾಮಾನು ಕೇಳಿ ಬರುವ ಇಂಡೆಂಟುಗಳಿಗೆ ನಾನು ಸಹಿ ಹಾಕಿದ್ದೂ ಹಾಗೆಯೇ, ಮೇಲಿನ ಸಾಲು ನೋಡಿ. ಪೂರ್ತಿ ಓದಲೇಬೇಕೆಂದರೆ ಕಂಪ್ಯೂಟರ್ ಯಾಕೆ ಬೇಕು? ಮೂರೂ ಹಾಳೆಗಳ ಫೋಟೋ ತೆಗೆದು ಮಂಜನಿಗೆ ಕಳಿಸಿದೆ, ಸಲೀಂ ಭಾಯಿಗೆ ಕಳಿಸಿದೆ. ಗೌರಮ್ಮನಿಗಾಗಿ ಅಡುಗೆಮನೆಯ ಗೋಡೆಗೆ ಹಾಳೆಗಳನ್ನೇ ಅಂಟಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಾಧನೆಯನ್ನು ಬಚ್ಚಿಡಬಾರದು ಎಂದು ಗಿರಾಕಿಗಳ ವಾಟ್ಸಾಪ್ ಗುಂಪಿಗೂ 'ಇಂದಿನ ಊಟ, ಗಣಕೀಕೃತ' ಎಂದು ಬರೆದು ಮೂರೂ ಫೋಟೋ ಹಾಕಿಬಿಟ್ಟೆ. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಪೂಜೆಗೆ ಕೂತೆ.

ಪೂಜೆಯ ಮಧ್ಯೆ ಸಲೀಂ ಭಾಯಿಯ ಫೋನು ಬಂತು.

"ಅಣ್ಣಾ, ಇವತ್ತು ಸೋಮವಾರ ಅಲ್ವಾ..."

"ಗೊತ್ತಪ್ಪಾ. ನಾನೇ ಒಂದು ಒತ್ತಿದೀನಿ."

"ಅಲ್ಲಣ್ಣಾ, ಕಾರ್ತಿಕ ಸೋಮವಾರ. ಅದೂ ಕಡೇದು. ಅಕ್ಕ ಒಂದ್ಸಲ..."

"ಅಕ್ಕ ಶಿವಗಂಗೆಗೆ ಹೋಗಿದಾಳೆ. ಚೀಟೀಲಿ ಏನಿದ್ಯೋ ಅದನ್ನ ಕಳಿಸಪ್ಪಾ. ಮಂತ್ರ ನಿಂತ್ಹೋಯ್ತು ನೋಡು!"

ಕಾರ್ತಿಕ ಸೋಮವಾರ ನಮ್ಮ ಮನೆಗೆ ಮಾಂಸ ಬರಬಾರದೆಂಬ ಎಚ್ಚರ ಸಲೀಂ ಭಾಯಿಗಿತ್ತು. ವಿಭೂತಿ ಬಳಿದುಕೊಂಡು ಕೂತಿದ್ದ ನನಗೆ ಇರಲಿಲ್ಲ. ಇದನ್ನು ಯಾರ ಮುಂದೆಯೂ ಹೇಳಬೇಡಿ.

ಏಳು ಗಂಟೆಗೆ ತರಕಾರಿ ಮಂಜನ ಆಟೋ ಬಂತು. ಅವನು ಇಳಿಸಿದ, ಇಳಿಸಿದ, ಇಳಿಸುತ್ತಲೇ ಇದ್ದ. ಸೊಪ್ಪಿನ ಕಂತೆಗಳು ಜಗಲಿ ತುಂಬಿ ಮೆಟ್ಟಿಲಿಗೆ ಬಂದವು. ಬೂದುಗುಂಬಳಕಾಯಿಗಳು ಸ್ಕೂಟರಿನ ಸೀಟಿನ ಮೇಲೆ ಕೂತವು.

"ಸಾರ್, ಮನೇಲಿ ಏನಾದ್ರೂ ಫಂಕ್ಷನ್ನಾ? ಹೇಳ್ಳೇ ಇಲ್ಲ!" ಎಂದ ಮಂಜ.

ಆಗ ನನಗೆ ಮೊದಲ ಬಾರಿ ಅನುಮಾನ ಬಂತು. ಆದರೂ, ರತ್ನ ದಿನವೂ ಇಷ್ಟೆಲ್ಲ ತರಿಸುತ್ತಾಳೇನೋ, ನಾನು ಗಮನಿಸಿಲ್ಲವೇನೋ ಎಂದು ಸಮಾಧಾನ ಹೇಳಿಕೊಂಡೆ. ಗಮನಿಸದಿರುವುದರಲ್ಲಿ ನನ್ನ ಮೇಲೆ ನನಗೆ ಪೂರ್ತಿ ಭರವಸೆಯಿತ್ತು.

ಅಷ್ಟರಲ್ಲಿ ಒಳಗಿನಿಂದ ಗೌರಮ್ಮನ ದನಿ ಕೇಳಿಸಿತು. ಏಳನೇ ಕ್ಲಾಸಿನವರೆಗೆ ಓದಿದವರು, ಅಕ್ಷರಕ್ಕೆ ಅಕ್ಷರ ಕೂಡಿಸಿ ಜೋರಾಗಿ ಓದುವುದು ಅವರ ಅಭ್ಯಾಸ.

"ಹೆಸರುಕಾಳು ಸೊಪ್ಪಿನ ಸಾರು... ಸರಿ. ಕೋಳಿ ಸಾರು... ಏನೂ? ಮೊಟ್ಟೆ ಸಾರು... ಶಿವಶಿವಾ! ಬಸ್ಸಾರು, ಪಾಯಸ, ಮಜ್ಜಿಗೆ ಹುಳಿ... ಮಟನ್ನು!"

ಸೆರಗಿನಲ್ಲಿ ಕೈ ಒರೆಸುತ್ತಾ ಹೊರಗೆ ಬಂದರು.

"ಯಜಮಾನ್ರೇ, ಇದೇನಿದು?"

"ಇವತ್ತಿನ ಅಡುಗೆ, ಗೌರಮ್ಮ," ಎಂದೆ.

"ನಾನು ಇವತ್ತು ಒಪ್ಪತ್ತು ಇದೀನಿ. ಮಾಂಸದ ಪಾತ್ರೆ ಮುಟ್ಟಲ್ಲ. ಅಮ್ಮಾವ್ರು ಹೀಗೆ ಬರೆಯೋರೇ ಅಲ್ಲ."

"ಇದು ಅಮ್ಮಾವ್ರು ಬರೆದಿದ್ದಲ್ಲ, ನಾನು..."

ವಾಕ್ಯ ಮುಗಿಸುವಷ್ಟರಲ್ಲಿ ಗೇಟಿನ ಮುಂದೆ ಸಲೀಂ ಭಾಯಿಯ ಗಾಡಿ ನಿಂತಿತು. ಏಳು ಕೆಜಿ ಕೋಳಿ, ಆರು ಕೆಜಿ ಮಟನ್, ಎಂಬತ್ತು ಮೊಟ್ಟೆ. ಎದುರು ಮನೆಯವರು ಬಾಗಿಲಲ್ಲಿ ದೀಪ ಹಚ್ಚುತ್ತಿದ್ದವರು ಹಾಗೇ ನಿಂತು ನೋಡಿದರು. ಗೌರಮ್ಮ ಒಮ್ಮೆ ಗಾಡಿ ನೋಡಿದರು, ಒಮ್ಮೆ ನನ್ನ ಹಣೆಯ ವಿಭೂತಿ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು! ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರೆ. ನಾನು ಅವರಪ್ಪನ ವಾರವನ್ನೇ ಕೆಡಿಸಿದ್ದೆ.

ಹಾಳೆಗಳನ್ನು ಗೋಡೆಯಿಂದ ಕಿತ್ತು ಈಗ ಓದಿದೆ. ಸೋಮವಾರ, ಅದರ ಕೆಳಗೆ ಮಂಗಳವಾರ, ಅದರ ಕೆಳಗೆ ಬುಧವಾರ. ಇಡೀ ವಾರ ಒಂದೇ ಬೆಳಿಗ್ಗೆ ನಮ್ಮ ಮನೆಗೆ ಇಳಿದಿತ್ತು. ವಾಟ್ಸಾಪ್ ಗುಂಪು ನೆನಪಾಗಿ ಫೋನಿಗೆ ಓಡಿದೆ. ಐವತ್ತೆಂಟು ಮೆಸೇಜು! ಬ್ಯಾಂಕಿನ ಪ್ರದೀಪ ಎಂಬ ಹುಡುಗ 'ಗುರು, ಇವತ್ತು ಹಬ್ಬ! ಅಂಕಲ್‌ಗೆ ಜೈ' ಎಂದು ಬರೆದಿದ್ದ. ಅವನೊಬ್ಬನೇ ನನ್ನ ಕಡೆಯವನು. ಉಳಿದವರೆಲ್ಲ ಪ್ರಶ್ನೆಚಿಹ್ನೆ ಹಾಕಿದ್ದರು. ಮಾಂಸ ಮುಟ್ಟದ ಸಿದ್ದಲಿಂಗಯ್ಯ ಮೇಷ್ಟ್ರು ಬರೆದದ್ದು ಒಂದೇ ಸಾಲು: 'ರತ್ನಮ್ಮನವರೇ, ಇವತ್ತು ನಮ್ಮ ಸಾರು ಕುದಿಯುತ್ತಿರುವುದು ಯಾವ ಪಾತ್ರೆಯಲ್ಲಿ?'

ಹನ್ನೊಂದು ವರ್ಷ ಯಾರೂ ರತ್ನಳಿಗೆ ಆ ಪ್ರಶ್ನೆ ಕೇಳಿರಲಿಲ್ಲ.

ಮೇಘಾ ಮೇಡಂಗೆ ಫೋನು ಮಾಡಿದೆ. ಅವರು ಮೆಟ್ರೋದಲ್ಲಿದ್ದರು.

"ಮೇಡಂ, ನಿಮ್ಮ ಸ್ವಿಚ್ ಕೆಟ್ಟೋಗಿದೆ!"

"ಏನಾಯ್ತು ಅಂಕಲ್? ಬ್ರೇಕ್ ಹಾಕಿದೀರಾ?"

"ಹಾಕಿದೀನಿ ಮೇಡಂ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ ಸೇರಿಸಿ ಒಂದು."

ಮೇಡಂ ಮೆಟ್ರೋದ ಸದ್ದನ್ನೂ ಮೀರಿ ಕೂಗಿದರು.

"ಒಂದಾ? ಅಂಕಲ್, ನಿಲ್ಲಿಸು ಅಂತ ನಾವು ಹೇಳೋವರ್ಗೂ ಅದು ಮುಂದಿನ ಕೇಸಿಗೆ ಹೋಗ್ತಾನೇ ಇರುತ್ತೆ. ಸೋಮವಾರ ಶುರು ಮಾಡಿದ್ರೆ ಭಾನುವಾರದ ಬ್ರೇಕ್ ಸಿಗೋವರ್ಗೂ ಓಡುತ್ತೆ. ಮಂಗಳವಾರ ಅಂತ ಬರೆದಿರೋದನ್ನ ಅದು ಕೇರೇ ಮಾಡಲ್ಲ."

ಪಂಕ್ತಿಯಲ್ಲಿ ಕೂತವನು ಎಲೆಗೆ ಕೈ ಅಡ್ಡ ಹಿಡಿಯದಿದ್ದರೆ ಬಡಿಸುವವರು ಬಡಿಸುತ್ತಲೇ ಹೋಗುತ್ತಾರೆ. ಇಷ್ಟು ಸಣ್ಣ ವಿಷಯ, ಊಟ ಮಾರುವ ಮನೆಯವನಾದ ನನಗೆ ಹೊಳೆಯಲಿಲ್ಲ.

ಈಗ, ಬುದ್ಧಿ ನೆಟ್ಟಗಿರುವ ಮನುಷ್ಯ ಏನು ಮಾಡುತ್ತಿದ್ದ? ಒಲೆ ಹಚ್ಚುತ್ತಿದ್ದ. ಗೌರಮ್ಮನ ಮನೆಗೆ ಓಡಿ ಕೈಮುಗಿಯುತ್ತಿದ್ದ. ಗಿರಾಕಿಗಳಿಗೆ ನಿಜ ಹೇಳುತ್ತಿದ್ದ. ನಾನು ಪ್ರೋಗ್ರಾಂ ತಿದ್ದಲು ಕೂತೆ! ಆರು ಕೇಸುಗಳಿಗೆ ಆರು ಬ್ರೇಕ್ ಹಾಕಿದೆ. ಒಂದು ಕಡೆ ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿ ಅದನ್ನು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಹತ್ತು ಗಂಟೆಗೆ ಮತ್ತೆ ಒಂದು ಒತ್ತಿದೆ. ಒಂದೇ ಹಾಳೆ ಬಂತು. ಸೋಮವಾರ, ಹೆಸರುಕಾಳು ಸೊಪ್ಪಿನ ಸಾರು, ಮಾಂಸ ಇಲ್ಲ. ಮುತ್ತಿನಂಥ ಹಾಳೆ! ಜಗಲಿ ತುಂಬ ಸೊಪ್ಪು, ಗೇಟಿನ ಬಳಿ ಮಟನ್, ಅಡುಗೆಮನೆಯಲ್ಲಿ ತಣ್ಣಗಿನ ಒಲೆ, ಹನ್ನೆರಡೂವರೆಗೆ ನಲವತ್ತು ಕ್ಯಾರಿಯರ್ ಹೋಗಬೇಕು. ಇವೆಲ್ಲದರ ಮಧ್ಯೆ ನಾನೊಬ್ಬ ಆ ಹಾಳೆ ಹಿಡಿದು ನಗುತ್ತಾ ನಿಂತಿದ್ದೆ.

ಸಂತೋಷ ತಡೆಯಲಾರದೆ ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. 'ತಿದ್ದುಪಡಿ' ಎಂದು ಬರೆಯುವುದು ಮರೆಯಿತು.

ಅರ್ಧ ಗಂಟೆಯಲ್ಲಿ ಮಂಜನ ಆಟೋ ಮತ್ತೆ ಬಂತು.

"ಸಾರ್, ಸೊಪ್ಪು ಸಾಲ್ದಾ? ಇನ್ನೊಂದ್ ಆರ್ಡರ್ ಹಾಕಿದೀರ!"

ಅವನ ಹಿಂದೆಯೇ ಸಲೀಂ ಭಾಯಿಯ ಫೋನು. "ಅಣ್ಣಾ, ಈಗ ಮಾಂಸ ಇಲ್ಲ ಅಂತ ಬಂದಿದೆ. ಕತ್ತರಿಸಿ ಕಳಿಸಿದ್ಮೇಲೆ ಇಲ್ಲ ಅಂದ್ರೆ, ಕೋಳಿಗೆ ನಾನು ಏನಂತ ಹೇಳ್ಲಿ?"

ಇನ್ನು ನಾನೇ ಅಡುಗೆ ಮಾಡುವುದೆಂದು ಪಂಚೆ ಎತ್ತಿ ಕಟ್ಟಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ರಾಗಿಹಿಟ್ಟನ್ನು ಒಮ್ಮೆಗೇ ಸುರಿದು, ಮುದ್ದೆ ಕೋಲಿನಿಂದ ತಿರುವಿದೆ. ಹಿಟ್ಟು ಗಂಟುಗಂಟಾಯಿತು. ಗಂಟು ಒಡೆಯಲು ಹೋದರೆ ಕೋಲು ಅದರಲ್ಲಿ ಸಿಕ್ಕಿಕೊಂಡಿತು. ಕೋಲು ಎತ್ತಿದರೆ ಪಾತ್ರೆಯೂ ಜೊತೆಗೆ ಎದ್ದು ಬಂತು!

ಆ ಭಂಗಿಯಲ್ಲಿ ನಾನು ನಿಂತಿರುವಾಗ ಗೇಟಿನ ಸದ್ದಾಯಿತು. ರತ್ನ.

ಬೆಳಿಗ್ಗೆ ಉಟ್ಟಿದ್ದ ಇಸ್ತ್ರಿ ಸೀರೆಯ ಅಂಚಿನಲ್ಲಿ ಬೆಟ್ಟದ ಕೆಂಪು ಧೂಳಿತ್ತು. ಕ್ಯಾರಿಯರ್‌ಗಳ ಮೇಲೆ ಬರೆದಿರುವುದು ಅವಳ ನಂಬರು. ಹಾಗಾಗಿ ನನ್ನನ್ನು ಯಾರೂ ಕೇಳದೆ, ಎಲ್ಲರೂ ಬೆಟ್ಟದ ಮೇಲಿದ್ದ ಅವಳಿಗೇ ಫೋನು ಮಾಡಿದ್ದರು. ಅವಳು ವ್ಯಾನಿಗೆ ಕಾಯದೆ, ಒಬ್ಬಳೇ ಇಳಿದು, ಬಸ್ಸು ಹಿಡಿದು ಬಂದಿದ್ದಳು.

ಜಗಲಿ ನೋಡಿದಳು, ಗಾಡಿಯಿಂದ ಇಳಿಸಿದ ಚೀಲಗಳನ್ನು ನೋಡಿದಳು, ಕೋಲಿಗೆ ಪಾತ್ರೆ ನೇತುಹಾಕಿಕೊಂಡ ಗಂಡನನ್ನು ನೋಡಿದಳು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ.

"ಅದನ್ನ ಕೆಳಗಿಡಿ," ಎಂದಳು. ಅಷ್ಟೇ.

ಆಮೇಲೆ ನಡೆದದ್ದನ್ನು ನೋಡಿ ನಾನು ಮೂಲೆಯಲ್ಲಿ ನಿಂತುಬಿಟ್ಟೆ. ಸಲೀಂ ಭಾಯಿಗೆ ಒಂದು ಫೋನು. ಅವರು ಒಂದು ಮಾತೂ ಎದುರಾಡದೆ ಗಾಡಿ ಕಳಿಸಿ, ಎಲ್ಲವನ್ನೂ ತಮ್ಮ ಫ್ರೀಜರಿಗೆ ವಾಪಸು ಒಯ್ದರು. ಗೌರಮ್ಮನಿಗೆ ಒಂದು ಫೋನು. ಅವರು ಹತ್ತು ನಿಮಿಷದಲ್ಲಿ ಹಾಜರಾದರು. ಅರಿಶಿನದ ನೀರು ಹಾಕಿ ಅಡುಗೆಮನೆ ತೊಳೆದದ್ದಾಯಿತು. ನಾಲ್ಕು ಒಲೆ ಹತ್ತಿದವು. ರತ್ನ ಮೇಷ್ಟ್ರ ಜೊತೆ ಫೋನಿನಲ್ಲಿ ತಾನೇ ಮಾತಾಡಿ, "ಮಾಂಸ ಒಳಗೆ ಬಂದಿಲ್ಲ ಮೇಷ್ಟ್ರೇ, ಗೇಟಿನ ಹತ್ರಾನೇ ಇತ್ತು. ಪಾತ್ರೆ ನಿಮ್ಮದೇ. ನಾನು ಬಂದಿದೀನಿ," ಎಂದಳು. ನಾನು ಬಂದಿದ್ದೇನೆ ಎಂಬ ಕೊನೆಯ ಮಾತಿಗೆ ಅವರು ಸಮಾಧಾನವಾದರು. ಒಂದೂವರೆ ಗಂಟೆಗೆ, ಒಂದು ಗಂಟೆ ತಡವಾಗಿ, ನಲವತ್ತು ಕ್ಯಾರಿಯರ್ ಹೊರಟವು.

ದಿನವೂ ಮಾಡುವ ಹಂಚಿಕೆಯೇ ಅಂದು ನನ್ನ ಪಾಲಿಗೆ ಶಿಕ್ಷೆಯಾಯಿತು. ಮೇಷ್ಟ್ರು ಕ್ಯಾರಿಯರ್ ಮುಚ್ಚಳ ತೆಗೆದು ಮೂಸಿ ನೋಡಿ, "ಇದು ರತ್ನಮ್ಮನ ಕೈಯದ್ದೇ. ನೀನು ಏನೂ ಮುಟ್ಟಿಲ್ಲ ತಾನೇ ಕೆಂಪಣ್ಣ?" ಎಂದು ಕೇಳಿದರು. ಬ್ಯಾಂಕಿನ ಪ್ರದೀಪ ಸೊಪ್ಪಿನ ಸಾರು ನೋಡಿ, "ಅಂಕಲ್, ಮಟನ್ ಅಂತ ಹೇಳಿ ಮೋಸ ಮಾಡ್ಬಿಟ್ರಲ್ಲ!" ಎಂದ. ನನ್ನ ಕಡೆಗಿದ್ದ ಒಬ್ಬನೂ ಹೋದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಣ್ಣಲು ನಾಯಿಯೂ ಒಪ್ಪಲಿಲ್ಲ. ಆ ಮುದ್ದೆ ಎರಡು ದಿನ ಪಾತ್ರೆ ಬಿಡಲಿಲ್ಲ.

ಸಂಜೆ ರತ್ನ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ವಾರಕ್ಕಾಗುವಷ್ಟು ಸೊಪ್ಪಿತ್ತು. ನಾನೂ ಹೋಗಿ ಎದುರಿಗೆ ಕೂತೆ.

"ಬ್ರೇಕ್ ಹಾಕಿರ್ಲಿಲ್ಲ ಕಣೇ. ಹಾಗಾಗಿ ಸೋಮವಾರದಿಂದ ಮಂಗಳವಾರಕ್ಕೆ, ಅಲ್ಲಿಂದ ಬುಧವಾರಕ್ಕೆ ಹೊರಟೋಯ್ತು. ಈಗ ಸರಿಮಾಡಿದೀನಿ. ಏಳೂ ಕೇಸು ಸರಿಯಾಗಿದೆ."

ಅವಳು ಕಡ್ಡಿಯನ್ನು ಮುರಿದು ಪಕ್ಕಕ್ಕೆ ಎಸೆದಳು.

"ನನ್ನ ಮುಂದೆ ಇಬ್ಬರೇ ಇದ್ರು ರೀ," ಎಂದಳು.

"ಎಲ್ಲಿ?"

"ಒಳಕಲ್ಲು ತೀರ್ಥದ ಸಾಲಲ್ಲಿ. ಒಂದು ಗಂಟೆ ನಿಂತಿದ್ದೆ. ಇನ್ನಿಬ್ಬರು ಆಗಿದ್ರೆ ನಾನು. ಆಗ ಮೇಷ್ಟ್ರ ಫೋನು ಬಂತು."

ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ಕಾದವಳನ್ನು ಇನ್ನಿಬ್ಬರ ದೂರದಿಂದ ವಾಪಸು ಕರೆಸಿದ್ದೆ. ಅದಕ್ಕೆ ಯಾವ ತಿದ್ದುಪಡಿಯ ಹಾಳೆಯೂ ಬರುವುದಿಲ್ಲ.

"ಮುಂದಿನ ಸೋಮವಾರ ಹೋಗ್ಬಾ," ಎಂದೆ. "ಕಾರ್ತಿಕ ಮುಗಿದಿದ್ರೆ ಏನಂತೆ, ಶಿವ ಅಲ್ಲೇ ಇರ್ತಾನೆ. ಊಟದ ಕೆಲಸ ನಾನು..."

ಅವಳು ತಲೆಯೆತ್ತಿ ನೋಡಿದಳು. ಉಳಿದರ್ಧ ವಾಕ್ಯವನ್ನು ನಾನು ನುಂಗಿಕೊಂಡೆ. ಆ ದಿನ ಸರಿಯಾದ ಜಾಗದಲ್ಲಿ ನಾನು ನಿಲ್ಲಿಸಿದ್ದು ಅದೊಂದನ್ನೇ.

"ಹೋಗ್ತೀನಿ," ಎಂದಳು. "ಅದಕ್ಕೆ ಏನು ಮಾಡ್ಬೇಕೋ ನಾನೇ ಮಾಡ್ತೀನಿ."

ಅವಳು ಫೋನು ತೆಗೆದುಕೊಂಡು ಗಿರಾಕಿಗಳ ಗುಂಪಿಗೆ ತಾನೇ ಬರೆದಳು. ಹನ್ನೊಂದು ವರ್ಷದಲ್ಲಿ ಅವಳು ಕೊಟ್ಟ ಮೊದಲ ರಜೆಯ ಸೂಚನೆ: 'ಮುಂದಿನ ಸೋಮವಾರ ಊಟ ಇರುವುದಿಲ್ಲ. ನಾನು ಶಿವಗಂಗೆಗೆ ಹೋಗುತ್ತೇನೆ. ಮನೆಯಲ್ಲಿ ನಮ್ಮ ಯಜಮಾನರು ಮಾತ್ರ ಇರುತ್ತಾರೆ.'

ಜನ ಸಿಟ್ಟಾಗುತ್ತಾರೆ, ಬೇರೆ ಕಡೆ ಊಟ ನೋಡಿಕೊಳ್ಳುತ್ತಾರೆ ಎಂದು ನಾನು ಹೆದರಿದ್ದೆ. ಒಬ್ಬರೂ ಸಿಟ್ಟಾಗಲಿಲ್ಲ. ನಲವತ್ತು ಜನರೂ ಕೈಮುಗಿದ ಚಿತ್ರ ಹಾಕಿದರು. ಮೇಷ್ಟ್ರು 'ಬಹಳ ಸೂಕ್ತ ನಿರ್ಧಾರ' ಎಂದು ಬರೆದರು. ಹನ್ನೊಂದು ವರ್ಷ ನಾವಿಬ್ಬರೂ ಸಿಗುವುದೇ ಇಲ್ಲವೆಂದು ತಿಳಿದಿದ್ದ ರಜೆ, ನನ್ನ ಹೆಸರು ಹೇಳಿದ ಒಂದೇ ನಿಮಿಷದಲ್ಲಿ ಮಂಜೂರಾಯಿತು!

ಆ ಸೋಮವಾರ ಸಾಲೇ ಇರಲಿಲ್ಲವಂತೆ. ರತ್ನ ಮೊಣಕೈವರೆಗೆ ಕೈ ಇಳಿಬಿಟ್ಟು ನೀರು ಮುಟ್ಟಿ ಬಂದಳು. ಬಂದವಳು ಒದ್ದೆ ಕೈಯ ಕಥೆಯನ್ನು ನನಗೆ ಎರಡು ಸಲ ಹೇಳಿದಳು, ನಾನು ಎರಡು ಸಲವೂ ಮನಸ್ಸಿಟ್ಟು ಕೇಳಿದೆ. ಕೇಳುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬೆಳಗಿನಿಂದ ನಾನು ಉಪವಾಸವಿದ್ದೆ. ಅದನ್ನು ಕಂಡ ಜಯಮ್ಮ, "ಕೆಂಪಣ್ಣೋರಿಗೆ ಎಂಥ ಭಕ್ತಿ!" ಎಂದು ಬೀದಿಯ ತುಂಬ ಹೊಗಳಿದರು.

ಭಕ್ತಿ ಏನಲ್ಲ. ರತ್ನ ಹೋಗುವಾಗ ಅಡುಗೆಮನೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು.